ಅವರೆಕಾಯಿ ಕಾಲದಲ್ಲಿ ಮೂರು ದಾರಿ: ಆ್ಯಪ್, ವಾಟ್ಸಾಪ್ ಗುಂಪು, ಹಾಪ್‌ಕಾಮ್ಸ್

ಕಳೆದ ಅವರೆಕಾಯಿ ಕಾಲದಲ್ಲಿ ಬೆಂಗಳೂರಿನ ಬನಶಂಕರಿಯ ನಮ್ಮ ಮನೆಗೆ ಬೇಕಾದ ತರಕಾರಿಯನ್ನು ವಾರಕ್ಕೊಂದು ಕಡೆಯಿಂದ ಸರದಿಯಂತೆ ತರಿಸಿದೆ: ನಿಮಿಷಗಳಲ್ಲಿ ತಲುಪಿಸುವ ಒಂದು ಆ್ಯಪ್, ಮಾಗಡಿ ಕಡೆಯ ರೈತರೊಬ್ಬರ ವಾಟ್ಸಾಪ್ ಗುಂಪು, ಮತ್ತು ಹಣ್ಣು-ತರಕಾರಿ ಬೆಳೆಗಾರರ ಸಹಕಾರ ಸಂಘವಾದ ಹಾಪ್‌ಕಾಮ್ಸ್‌ನ ಮಳಿಗೆ.

ಆ್ಯಪ್‌ನ ವೇಗದ ಬಗ್ಗೆ ಎರಡು ಮಾತಿಲ್ಲ. ಒಗ್ಗರಣೆಗೆ ಇಡುವ ಮುನ್ನ ಕೇಳಿದ ಕರಿಬೇವು ಸಾರು ಕುದಿಯುವಷ್ಟರಲ್ಲಿ ಬಂದಿತು. ಆದರೆ ಅವರೆಕಾಯಿ ಎರಡು ಸಲವೂ ಪ್ಲಾಸ್ಟಿಕ್ ಚೀಲದೊಳಗೆ ಬೆವೆತು ಸೊಗಡು ಕಳೆದುಕೊಂಡಿತ್ತು. ಹಣವನ್ನು ತಕರಾರಿಲ್ಲದೆ ಮರಳಿಸಿದರು. ಕಾಯಿ ಎಂದು ಕೊಯ್ದದ್ದು, ಯಾರ ಹೊಲದ್ದು ಎಂದು ಕೇಳಲು ಮಾತ್ರ ಅಲ್ಲಿ ಯಾರೂ ಇರಲಿಲ್ಲ.

ವಾಟ್ಸಾಪ್ ಗುಂಪಿನಲ್ಲಿ ರೈತರು ಗುರುವಾರ ಬೆಳಿಗ್ಗೆ ಪಟ್ಟಿಯನ್ನೂ ದರವನ್ನೂ ಹಾಕುತ್ತಾರೆ, ರಾತ್ರಿಯೊಳಗೆ ನಾವು ಬೇಕಾದ್ದನ್ನು ಬರೆಯುತ್ತೇವೆ, ಶನಿವಾರ ನಸುಕಿನಲ್ಲಿ ಕೊಯ್ದದ್ದು ಮಧ್ಯಾಹ್ನದ ಹೊತ್ತಿಗೆ ನಮ್ಮ ಗೇಟಿಗೆ ಬರುತ್ತದೆ. ಕೇಳಿದಷ್ಟನ್ನೇ ಕೊಯ್ಯುವುದರಿಂದ ಮಾರಾಟವಾಗದೆ ಬಾಡುವ ಸೊಪ್ಪಿನ ನಷ್ಟ ಅವರಿಗಿಲ್ಲ, ಯುಪಿಐ ಮೂಲಕ ಕೊಟ್ಟ ಹಣದಲ್ಲಿ ದಲ್ಲಾಳಿಯ ಪಾಲೂ ಇಲ್ಲ. ಜನವರಿಯಲ್ಲಿ ಮೋಡ ಕವಿದಿದ್ದ ಒಂದು ವಾರ, ಬಿಡಿಸಿದ ಕಾಯಿಯ ಚಿತ್ರ ಹಾಕಿ, 'ಹುಳ ಜಾಸ್ತಿ ಇದೆ, ಈ ವಾರ ಅವರೆ ತಗೋಬೇಡಿ' ಎಂದು ಅವರೇ ಬರೆದರು. ತಮ್ಮ ಸರಕನ್ನು ತಾವೇ ಬೇಡವೆಂದ ಆ ಒಂದು ಸಂದೇಶದಿಂದಾಗಿ, ಸೊಪ್ಪಿಗೆ ಆ್ಯಪ್‌ಗಿಂತ ತುಸು ಹೆಚ್ಚು ಕೊಡಬೇಕಾದರೂ ನನ್ನ ಆಯ್ಕೆ ಈ ಗುಂಪೇ ಆಯಿತು.

ಇಲ್ಲಿಯೂ ಒಂದು ಅನ್ಯಾಯವಿದೆ. ನಲವತ್ತು ಮನೆಗಳ ಬೇಡಿಕೆ ಕೂಡಿಸುವುದು, ಹಣದ ಲೆಕ್ಕ ಹೊಂದಿಸುವುದು, ಬಂದ ಚೀಲಗಳನ್ನು ವಿಂಗಡಿಸುವುದು, ಇಷ್ಟನ್ನೂ ನಮ್ಮ ಕಟ್ಟಡದ ಒಬ್ಬ ಗೃಹಿಣಿ ಬಿಡಿಗಾಸಿಲ್ಲದೆ ಮಾಡುತ್ತಿದ್ದಾರೆ. ಪ್ರತಿ ಬೇಡಿಕೆಗೆ ಹತ್ತು ರೂಪಾಯಿ ಅವರಿಗೆ ಸಲ್ಲಬೇಕೆಂದು ನಾನು ಗುಂಪಿನಲ್ಲಿ ಕೇಳಿದ್ದೇನೆ. ಇದನ್ನು ದಾನವೆಂದಲ್ಲ, ಕೂಲಿಯೆಂದೇ ಕೊಡಬೇಕು.

1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾದ ಹಾಪ್‌ಕಾಮ್ಸ್‌ನಲ್ಲಿ ಹೊಲದ ಸುದ್ದಿ ನನಗೆ ಸಿಗಲಿಲ್ಲ, ಎಲ್ಲ ದಿನವೂ ಎಲ್ಲ ತರಕಾರಿ ಇರಲಿಲ್ಲ. ಆದರೂ ಸ್ಮಾರ್ಟ್‌ಫೋನ್ ಇಲ್ಲದ ನನ್ನ ಅಮ್ಮ ಯಾರನ್ನೂ ಕೇಳದೆ ತಾವೇ ಹೋಗಿ, ಫಲಕದಲ್ಲಿನ ದರ ಓದಿ, ಬೆಂಡೆಕಾಯಿಯ ತುದಿ ಮುರಿದು ನೋಡಿ ತರಬಹುದಾದ ಜಾಗ ಈ ಮೂರರಲ್ಲಿ ಅದೊಂದೇ.