ವಾಚ್, ಹೆಡ್‌ಫೋನ್, ಚಾರ್ಜರ್, ಸ್ಕ್ರೂಡ್ರೈವರ್: ಗ್ಯಾಜೆಟ್ ಹುಚ್ಚಿನ ಹೆಂಡತಿಗೆ ಕೊಟ್ಟು ನೋಡಿದ್ದು

ನನ್ನ ಹೆಂಡತಿಗೆ ಗ್ಯಾಜೆಟ್ ಅಂದರೆ ಪ್ರಾಣ. ಯಾವ ಸಾಮಾನು ಕೈಗೆ ಬಂದರೂ ಮೊದಲು ತಿರುಗಿಸಿ, ಬೆನ್ನ ಮೇಲಿನ ಪುಟ್ಟ ಅಕ್ಷರ ಓದುತ್ತಾಳೆ. ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ. ನಾನೋ, ಫೋನ್‌ನಲ್ಲಿ ಅಲಾರಂ ಇಡಲು ಬಂದರೆ ಸಾಕು ಅನ್ನುವವನು. ನಾನು ಅವಳಿಗೆ ಗ್ಯಾಜೆಟ್ ಆರಿಸುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ.

ಆದರೂ ಬಿಟ್ಟಿಲ್ಲ. ಐದು ವರ್ಷದಲ್ಲಿ ಐದು ಸಾಮಾನು ಕೊಟ್ಟಿದ್ದೇನೆ. ಡಬ್ಬ ಬಿಚ್ಚಿದ ದಿನದ ಖುಷಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಬ್ಬ ಬಿಚ್ಚುವಾಗ ಅವಳಿಗೆ ಎಲ್ಲವೂ ಇಷ್ಟ. ಆರು ತಿಂಗಳ ಮೇಲೆ ಆ ಸಾಮಾನು ಅವಳ ಕೈಯಲ್ಲಿದೆಯಾ, ಡ್ರಾಯರ್‌ನಲ್ಲಿದೆಯಾ? ನನ್ನ ಪರೀಕ್ಷೆ ಇಷ್ಟೇ.

ಮೊದಲು ಕೊಟ್ಟದ್ದು ಸ್ಮಾರ್ಟ್‌ವಾಚ್. ಒಂದು ವಿಷಯದಲ್ಲಿ ಜಾಣತನ ತೋರಿಸಿದ್ದೆ. ಅವಳ ಫೋನ್ ಯಾವುದು ಅಂತ ಮೊದಲೇ ನೋಡಿಕೊಂಡಿದ್ದೆ. ಆಪಲ್ ವಾಚ್‌ಗೆ ಐಫೋನೇ ಬೇಕು, ಆಂಡ್ರಾಯ್ಡ್ ಜತೆ ಅದು ಕೂಡುವುದಿಲ್ಲ. ಗೂಗಲ್‌ನ ಪಿಕ್ಸೆಲ್ ವಾಚ್‌ನದು ಉಲ್ಟಾ, ಅದಕ್ಕೆ ಆಂಡ್ರಾಯ್ಡೇ ಆಗಬೇಕು. ಇಲ್ಲಿ ತಪ್ಪಿದರೆ ಉಡುಗೊರೆ ವಾಪಸ್ ಹೋಗುವುದೊಂದೇ ದಾರಿ.

ನಾನು ಎಡವಿದ್ದು ಬ್ಯಾಟರಿ ಹತ್ತಿರ. ಪರದೆ ಹೇಗಿದೆ, ಪಟ್ಟಿ ಯಾವ ಬಣ್ಣ ಅಂತ ನೋಡಿದೆನೇ ಹೊರತು ಎಷ್ಟು ದಿನ ಬಾಳುತ್ತೆ ಅಂತ ಕೇಳಲಿಲ್ಲ. ದಿನಕ್ಕೊಮ್ಮೆ ಚಾರ್ಜ್ ಬೇಡುವ ವಾಚ್ ಅದು. ಅವಳಿಗೆ ಬೇಕಾಗಿದ್ದದ್ದು ನಿದ್ದೆಯ ಲೆಕ್ಕ. ರಾತ್ರಿ ಚಾರ್ಜಿಗೆ ಹಾಕಿದರೆ ಲೆಕ್ಕ ಸಿಗುವುದಿಲ್ಲ. ಕಟ್ಟಿಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ವಾಚೇ ಮಲಗಿರುತ್ತಿತ್ತು. ನಾಡಿ ಎಣಿಸುವುದರಲ್ಲೂ ತಕರಾರು. ವಾಚಿನ ಬೆನ್ನಿಗೆ ಮಿನುಗುವ ಹಸಿರು ಬೆಳಕನ್ನು ಚರ್ಮದ ಕೆಳಗಿನ ರಕ್ತ ಹೀರಿಕೊಳ್ಳುತ್ತದೆ. ಮರಳಿ ಬರುವ ಬೆಳಕಿನ ಏರಿಳಿತದಿಂದ ಎದೆಬಡಿತ ಎಣಿಸುತ್ತಾರೆ. ಪಟ್ಟಿ ಸಡಿಲವಾದರೆ ಎಣಿಕೆ ತಪ್ಪುತ್ತದೆ, ಇವಳಿಗೆ ಬಿಗಿಯಾಗಿ ಕಟ್ಟಿದರೆ ಆಗಿಬರುವುದಿಲ್ಲ.

"ರೀ, ನಾನು ನಡೆಯೋದು ಕಡಿಮೆ ಆಯ್ತು ಅಂತ ಹೇಳೋಕೆ ಇದನ್ನ ತಂದ್ರಾ?" ಅಂತ ಒಂದು ಪ್ರಶ್ನೆಯೂ ಬಂತು. ಅದಕ್ಕೆ ಸರಿಯಾದ ಉತ್ತರ ಇವತ್ತಿಗೂ ಸಿಕ್ಕಿಲ್ಲ. ನಾಲ್ಕನೇ ತಿಂಗಳಿಗೆ ವಾಚ್ ಡ್ರಾಯರ್ ಸೇರಿತು.

ಹೆಡ್‌ಫೋನ್ ಇದಕ್ಕಿಂತ ಎಷ್ಟೋ ವಾಸಿ. ಹೊರಗಿನ ಶಬ್ದವನ್ನು ಅಡಗಿಸುವಂಥದ್ದು, ಕಿವಿ ಪೂರ್ತಿ ಮುಚ್ಚುವ ದೊಡ್ಡದು. ಒಳಗಿರುವ ಮೈಕ್ ಹೊರಗಿನ ಸದ್ದನ್ನು ಹಿಡಿಯುತ್ತದೆ, ಅದಕ್ಕೆ ತದ್ವಿರುದ್ಧದ ಅಲೆ ಹೊರಡಿಸಿ ಎರಡನ್ನೂ ಹೊಡೆದಾಡಲು ಬಿಡುತ್ತದೆ. ಬೋಸ್ ಕಂಪನಿ 1989ರಲ್ಲಿ ಈ ತಂತ್ರದ ಹೆಡ್‌ಸೆಟ್ ಮಾರಿದ್ದು ವಿಮಾನ ಓಡಿಸುವವರಿಗೆ. ಯಾಕೆ ಅವರಿಗೇ ಅಂತ ಬಳಸಿದ ಮೇಲೆ ಅರ್ಥವಾಯಿತು. ಎಂಜಿನ್, ಫ್ಯಾನ್, ಎಸಿ, ಹೀಗೆ ಒಂದೇ ಸಮನೆ ಗುಂಯ್‌ಗುಡುವ ತಗ್ಗಿನ ಸದ್ದು ಮಾಯ. ಮಾತಿನ ಸದ್ದು ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಪಕ್ಕದ ಕೋಣೆಯಲ್ಲಿ ನಾನು ಫೋನ್‌ನಲ್ಲಿ ಕಿರುಚಿದ್ದು ಅವಳಿಗೆ ಚೆನ್ನಾಗಿಯೇ ಕೇಳುತ್ತಿತ್ತು.

ಆದರೆ ಅವಳು ಕನ್ನಡಕ ಹಾಕುತ್ತಾಳೆ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಕನ್ನಡಕದ ಕಡ್ಡಿ ಮೆತ್ತೆಯ ಕೆಳಗೆ ಸಣ್ಣ ಸಂದು ಮಾಡುತ್ತದೆ, ಅಲ್ಲಿಂದ ಸದ್ದು ನುಸುಳುತ್ತದೆ. ಗಂಟೆಗಟ್ಟಲೆ ಹಾಕಿಕೊಂಡರೆ ಕಿವಿಯ ಮೇಲೆ ಒತ್ತಿ ನೋವು ಬೇರೆ. ಕಿವಿಯೊಳಗೆ ಕೂರುವ ಇಯರ್‌ಬಡ್ಸ್ ತಂದಿದ್ದರೆ ಈ ಕಾಟ ಇರುತ್ತಿರಲಿಲ್ಲ, ಆ ರಬ್ಬರ್ ತುದಿಗಳನ್ನು ಮೂರು ನಾಲ್ಕು ಅಳತೆಯಲ್ಲಿ ಕೊಡುತ್ತಾರೆ. ಆದರೆ ಇಯರ್‌ಬಡ್ಸ್ ಬ್ಯಾಟರಿ ಬಟಾಣಿಯಷ್ಟು, ಅಂಟು ಹಾಕಿ ಮುಚ್ಚಿರುತ್ತಾರೆ. ಸವೆದರೆ ಬದಲಿಸುವುದು ದೊಡ್ಡ ರಗಳೆ. ದೊಡ್ಡ ಹೆಡ್‌ಫೋನ್ ಒಂದು ಚಾರ್ಜಿಗೆ ಮೂವತ್ತು ಗಂಟೆ ಬಂತು, ಮೆತ್ತೆ ಹರಿದರೆ ಮೆತ್ತೆ ಮಾತ್ರ ಕೊಳ್ಳಬಹುದು. ಇವತ್ತಿಗೂ ಬಳಸುತ್ತಾಳೆ, ಆದರೆ ಕನ್ನಡಕ ತೆಗೆದು ಕಣ್ಣು ಮುಚ್ಚಿ ಹಾಡು ಕೇಳುವಾಗ ಮಾತ್ರ. ಅರ್ಧ ಪಾಸು ಅನ್ನಬಹುದು.

ವಾಚೂ ಹೆಡ್‌ಫೋನೂ ಮೈಮೇಲೆ ಧರಿಸುವ ಸಾಮಾನು. ಇವನ್ನು ಆರಿಸುವುದು ಚಪ್ಪಲಿ ತಂದ ಹಾಗೆ, ಕಾಲು ಅವರದು. ಇನ್ನು ಮುಂದೆ ಅಂಥದ್ದೇನಾದರೂ ಕೊಡಬೇಕೆಂದರೆ ಅವಳನ್ನೇ ಕರೆದುಕೊಂಡು ಹೋಗುತ್ತೇನೆ, ಸರ್‌ಪ್ರೈಸ್ ಹಾಳಾದರೆ ಹಾಳಾಗಲಿ.

ಮೂರನೆಯದು ಇ-ರೀಡರ್, ಪುಸ್ತಕ ಓದಲೆಂದೇ ಇರುವ ಸಾಮಾನು. ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಪುಟ ತಿರುಗಿಸುವಾಗ ಬಿಟ್ಟರೆ ಅದರ ಪರದೆ ಕರೆಂಟನ್ನೇ ಕೇಳುವುದಿಲ್ಲ, ಹಾಗಾಗಿ ವಾರಗಟ್ಟಲೆ ಬಾಳುತ್ತದೆ. ಬಿಸಿಲಲ್ಲೂ ಕಾಗದದ ಹಾಗೆ ಕಾಣುತ್ತದೆ. ಎಲ್ಲ ಸರಿ, ಆದರೆ ಅವಳ ದೂರು ಬೇರೆಯೇ. "ಇದರಲ್ಲಿ ಓದೋದು ಬಿಟ್ಟು ಮಾಡೋಕೆ ಏನೂ ಇಲ್ಲ." ಈಗ ಅದು ನನ್ನ ದಿಂಬಿನ ಪಕ್ಕದಲ್ಲಿದೆ. ಐದರಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ, ಹಾಗಂತ ಅವಳ ಉಡುಗೊರೆಗೆ ಅಂಕ ಕೊಡಲಾಗುವುದಿಲ್ಲ.

ನಾಲ್ಕನೆಯದು ಚಾರ್ಜರ್. ಹೌದು, ಹೆಂಡತಿಗೆ ಚಾರ್ಜರ್ ಕೊಟ್ಟೆ. ಕೊಡುವಾಗ ನನಗೇ ನಾಚಿಕೆಯಾಯಿತು. 100 ವ್ಯಾಟ್‌ನದು, ಮೂರು ಕಿಂಡಿ, ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಒಳಗೆ ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್ ಬಳಸಿದ್ದಾರೆ, ಅದು ಕಡಿಮೆ ಬಿಸಿಯಾಗಿ ಜೋರಾಗಿ ಕೆಲಸ ಮಾಡುವುದರಿಂದ ಡಬ್ಬ ಇಷ್ಟು ಚಿಕ್ಕದು ಅಂತ ಅವಳೇ ನನಗೆ ವಿವರಿಸಿದಳು. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಅಳತೆ ತೋರಿಸುವ ಪುಟ್ಟ ಮೀಟರ್ ನೋಡಿ ನಕ್ಕಳು. 60 ವ್ಯಾಟ್ ಮೇಲೆ ಏರುತ್ತಲೇ ಇಲ್ಲ!

ತಪ್ಪು ಕೇಬಲ್‌ನದು. ಸಾಮಾನ್ಯ ಸಿ-ಟೈಪ್ ಕೇಬಲ್ 3 ಆಂಪಿಯರ್ ಮಾತ್ರ ಹೊರುತ್ತದೆ. 20 ವೋಲ್ಟ್‌ಗೆ 3 ಆಂಪಿಯರ್ ಅಂದರೆ 60 ವ್ಯಾಟ್, ಅಲ್ಲಿಗೆ ಮುಗಿಯಿತು. ಅದಕ್ಕಿಂತ ಜಾಸ್ತಿ ಬೇಕಾದರೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಚಾರ್ಜರ್ ಕೊಡುವವರು ಕೇಬಲ್ಲನ್ನೂ ನೋಡಿ ಕೊಡಿ. ಕೇಬಲ್ ಬದಲಾದ ದಿನದಿಂದ ಈ ಚಾರ್ಜರ್ ಅವಳ ಚೀಲ ಬಿಟ್ಟು ಕದಲಿಲ್ಲ. ದಿನವೂ ಬಳಕೆಯಾಗುವ ವಿಷಯದಲ್ಲಿ ಐದರಲ್ಲಿ ಇದೇ ಮೊದಲು. ಆದರೆ ಚಾರ್ಜರ್ ನೋಡಿ ಯಾರ ಮುಖವೂ ಅರಳುವುದಿಲ್ಲ, ಅಲ್ವಾ?

ಮುಖ ಅರಳಿದ್ದು ಸ್ಕ್ರೂಡ್ರೈವರ್ ಸೆಟ್ ನೋಡಿ. ಅದಕ್ಕೂ ಒಂದು ಹಿಂದಿನ ಕಥೆ ಇದೆ. ಅವಳ ಹತ್ತಿರ ಅಗ್ಗದ ಸೆಟ್ ಒಂದಿತ್ತು. ಅದರ ಬಿಟ್‌ಗಳು, ಅಂದರೆ ಹಿಡಿಗೆ ಸಿಕ್ಕಿಸುವ ತುಂಡುಗಳು, ಮೆದು ಲೋಹದವು, ಎರಡು ಸಲ ತಿರುಗಿಸಿದರೆ ಬಿಟ್ಟಿನ ತುದಿಯೂ ಸವೆಯುತ್ತಿತ್ತು, ಸ್ಕ್ರೂ ತಲೆಯೂ ಸವೆಯುತ್ತಿತ್ತು. ತಲೆ ಸವೆದ ಸ್ಕ್ರೂ ಬಿಚ್ಚುವವರ ಬಾಯಲ್ಲಿ ಬರುವ ಮಾತು ಇಲ್ಲಿ ಬರೆಯುವಂಥದ್ದಲ್ಲ. ಬೈಯುತ್ತಿದ್ದಳು, ಆದರೆ ಹೊಸದು ಕೊಳ್ಳುತ್ತಿರಲಿಲ್ಲ. "ಹೇಗೋ ನಡೀತಿದೆಯಲ್ಲ" ಅನ್ನುವಳು. ಹೊಸ ಫೋನ್ ಕೊಳ್ಳಲು ಮೂರು ತಿಂಗಳು ಅಳೆದು ತೂಗುವ ಅವಳು, ಅದನ್ನು ಬಿಚ್ಚುವ ಉಪಕರಣದ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ. ನನಗೆ ಜಾಗ ಸಿಕ್ಕಿದ್ದು ಅಲ್ಲೇ.

ಒಳ್ಳೆಯ ಉಕ್ಕಿನ ಬಿಟ್‌ಗಳು, ಅಯಸ್ಕಾಂತ ಇರುವ ಹಿಡಿ. ಪ್ಲಸ್, ಮೈನಸ್ ಬಿಡಿ. ಐಫೋನ್ ಕೆಳಗಿನ ಐದೆಸಳಿನ ಸ್ಕ್ರೂಗೆ ಪೆಂಟಲೋಬ್, ಆರು ಮೂಲೆಯ ನಕ್ಷತ್ರದಂಥದ್ದಕ್ಕೆ ಟಾರ್ಕ್ಸ್, ಗೇಮ್ ಕಂಟ್ರೋಲರ್‌ಗಳಲ್ಲಿ ಬರುವ ಮೂರು ಕವಲಿನದಕ್ಕೆ ಬೇರೆ. ಜತೆಗೆ ಪ್ಲಾಸ್ಟಿಕ್ಕಿನ ಮೀಟುಗೋಲು. ಬ್ಯಾಟರಿ ಹತ್ತಿರ ಲೋಹದ ತುದಿ ಆಡಿಸಬಾರದು, ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಬಹುದು ಅಂತ ನನಗೂ ಪಾಠವಾಯಿತು. ಅವತ್ತು ಅವಳು ರಾತ್ರಿಯವರೆಗೂ ಎದ್ದಿದ್ದು, ಹಳೇ ಗೇಮ್ ಕಂಟ್ರೋಲರ್‌ನ ಅಲುಗಾಡುತ್ತಿದ್ದ ಜಾಯ್‌ಸ್ಟಿಕ್ ಬದಲಿಸಿದಳು. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿ, ನನಗೆ "ಉಸಿರು ಬಿಡಬೇಡಿ" ಅಂದಳು.

ವಾಚಿನ ಬೆಲೆಗೆ ಹೋಲಿಸಿದರೆ ಇದು ಚಿಲ್ಲರೆ. ಆದರೂ ಆರು ತಿಂಗಳಾದರೂ ಮೇಜಿನ ಮೇಲೇ ಇರುವುದು ಇದೇ. ನಿಮ್ಮವರು ಬರೀ ಹೊಸ ಸಾಮಾನು ನೋಡಿ ಖುಷಿಪಡುವವರೋ, ಬಿಚ್ಚಿ ನೋಡುವವರೋ ಅಂತ ಮೊದಲು ಗಮನಿಸಿ. ಬಿಚ್ಚದವರಾದರೆ ಈ ಸೆಟ್ ಸುಮ್ನೆ ಧೂಳು ತಿನ್ನುತ್ತದೆ, ಅವರಿಗೆ ಚಾರ್ಜರೇ ವಾಸಿ. ದೊಡ್ಡ ಸಾಮಾನಿನ ತಂಟೆಗೆ ಮಾತ್ರ ನಾನಿನ್ನು ಹೋಗುವುದಿಲ್ಲ. ಅದನ್ನು ಆರಿಸುವ ಸುಖ ಅವಳದ್ದು, ನಾನ್ಯಾಕೆ ಕಿತ್ತುಕೊಳ್ಳಲಿ?

ಮೊನ್ನೆ ಡ್ರಾಯರ್‌ನಿಂದ ಆ ವಾಚ್ ಹೊರಗೆ ಬಂತು. ಪಾಪ, ಇದಕ್ಕೂ ಕಾಲ ಬಂತು ಅಂದುಕೊಂಡೆ. "ಕಟ್ಟಿಕೊಳ್ತೀಯಾ?" ಅಂತ ಕೇಳಿದೆ.

"ಇಲ್ಲ ರೀ, ಇದರ ಪರದೆ ಅಂಟಿಸಿರೋದು. ಸ್ವಲ್ಪ ಬಿಸಿ ಮಾಡಬೇಕು. ಹಿಡ್ಕೊಳ್ಳಿ ಇಲ್ಲಿ."