ಉಬ್ಬಿದ ಮಟನ್ ಪ್ಯಾಕ್ ಬಿಚ್ಚಬೇಡಿ

ಬೆಳಗಾವಿಯಲ್ಲೂ ಈಗ ವ್ಯಾಕ್ಯೂಮ್ ಪ್ಯಾಕ್, ಅಂದರೆ ಗಾಳಿ ತೆಗೆದು ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿದ ಮಟನ್ ಸಿಗುತ್ತದೆ. ಫ್ರೀಜರ್‌ನಲ್ಲಿ ಕಲ್ಲು ಮಾಡಿದ್ದಲ್ಲ, ಬರೀ ತಣ್ಣಗಿಟ್ಟಿದ್ದು. ಅದನ್ನು ತರುವವರಿಗೆ ಒಂದು ಮಾತು: ಪ್ಯಾಕ್ ಉಬ್ಬಿದ್ದರೆ, ಎಕ್ಸ್‌ಪೈರಿ ತಾರೀಖಿಗೆ ಎಷ್ಟೇ ದಿನ ಬಾಕಿ ಇರಲಿ, ಬಿಚ್ಚಲು ಹೋಗಬೇಡಿ. ಅಂಗಡಿಯವರು ಏನೇ ಹೇಳಲಿ.

ಕೊಲ್ಹಾಪುರದಿಂದ ಬೀಗರು ಬರುವವರಿದ್ದರು. ತಾಂಬಡಾ ರಸ್ಸಾ (ಅವರ ಕಡೆಯ ಕೆಂಪು ಮಟನ್ ಸಾರು) ಮಾಡೋಣ ಅಂತ ಊರಿನ ಒಂದು ಅಂಗಡಿಯಿಂದ ಕುರಿ ತೊಡೆಯ ಪ್ಯಾಕ್ ತಂದೆವು. ಆಗ ಪ್ಲಾಸ್ಟಿಕ್ ಮಾಂಸಕ್ಕೆ ಬಿಗಿಯಾಗಿ ಅಂಟಿತ್ತು. ಬೀಗರು ಬರುವುದು ಮುಂದಕ್ಕೆ ಹೋಯಿತು. ತಾರೀಖು ಇನ್ನೂ ಇತ್ತಲ್ಲ, ಪ್ಯಾಕ್ ಫ್ರಿಜ್‌ನಲ್ಲೇ ಉಳಿಯಿತು. ಒಂದು ಬೆಳಿಗ್ಗೆ ನೋಡಿದರೆ ಫುಟ್‌ಬಾಲ್ ಥರ ಉಬ್ಬಿದೆ! ಬೆರಳಿನಿಂದ ಒತ್ತಿದರೂ ತಗ್ಗುತ್ತಿಲ್ಲ. ಮೂಲೆಯಲ್ಲಿ ಕೆಂಪು ನೀರು, ಅದರಲ್ಲಿ ಸಣ್ಣ ಸಣ್ಣ ಗುಳ್ಳೆ. ಪಕ್ಕದಲ್ಲಿದ್ದ ಹಾಲು ಮಾತ್ರ ಚೆನ್ನಾಗೇ ಇತ್ತು. ಅಂದರೆ ಫ್ರಿಜ್ ಕೆಟ್ಟಿರಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಗಾಳಿ ಸೇರೇತ್ರಿ ಅಕ್ಕಾರ, ಅಷ್ಟ. ಚಲೋ ತೊಳದು ಕುದಿಸ್ರಿ, ಏನೂ ಆಗಂಗಿಲ್ಲ" ಅಂದರು. ನಮ್ಮ ಅತ್ತೆ ಆ ಮಾತು ನಂಬಿ ಕತ್ತರಿ ಹಾಕಿದರು. ಬುಸ್ ಅಂತ ಬಂತು ನೋಡಿ. ಕೊಳೆತ ಮಾಂಸದ ನಾತ ಅಲ್ಲ ಅದು. ಕೆಟ್ಟ ಬೆಣ್ಣೆಯ ವಾಸನೆ, ಜೊತೆಗೆ ನೇಲ್ ಪಾಲಿಶ್‌ನ ಘಾಟು. ಸಿಂಕ್ ಎಷ್ಟು ತಿಕ್ಕಿದರೂ ಸಂಜೆತನಕ ಹೋಗಲಿಲ್ಲ.

"ಗಾಳಿ ಸೇರಿದೆ" ಅನ್ನುವ ಮಾತೇ ಸುಳ್ಳು. ತೂತು ಬಿದ್ದು ಗಾಳಿ ಹೊಕ್ಕರೆ ಪ್ಲಾಸ್ಟಿಕ್ ಸಡಿಲವಾಗುತ್ತದೆ, ಗಟ್ಟಿಯಾಗಿ ಉಬ್ಬುವುದಿಲ್ಲ. ಹಾಗೆ ಉಬ್ಬಿದೆ ಅಂದರೆ ಒಳಗೇ ಗ್ಯಾಸ್ ಹುಟ್ಟಿದೆ. ತಣ್ಣಗಿಟ್ಟ ಪ್ಯಾಕ್ ಹೀಗೆ ಉಬ್ಬಿದರೆ ಮೊದಲು ಅನುಮಾನ ಹೋಗುವುದು ಕ್ಲಾಸ್ಟ್ರಿಡಿಯಂ ಎಸ್ಟರ್‌ಥೆಟಿಕಮ್ ಎಂಬ ಬ್ಯಾಕ್ಟೀರಿಯಾದ ಮೇಲೆ. ಇದಕ್ಕೆ ಹೆಸರಿಟ್ಟಿದ್ದು 1992ರಲ್ಲಿ. ಚಳಿ ಅಂದರೆ ಇದಕ್ಕೆ ಇಷ್ಟ, ಆಮ್ಲಜನಕ ಅಂದರೆ ಆಗದು. ಮೈನಸ್ 1.5 ಡಿಗ್ರಿಯಲ್ಲೂ ಬೆಳೆಯುತ್ತದೆ. ನಾವು ಮಾಂಸ ಕೆಡಬಾರದು ಅಂತ ಗಾಳಿ ತೆಗೆದು ತಣ್ಣಗಿಡುತ್ತೇವೆ, ಇದಕ್ಕೆ ಬೇಕಾದ್ದೂ ಅದೇ. ಕೆಲವು ವಾರಗಳಲ್ಲಿ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಬಿಟ್ಟು ಪ್ಯಾಕ್ ಉಬ್ಬಿಸುತ್ತದೆ. ಆ ಬೆಣ್ಣೆ ವಾಸನೆ ಇದು ಹುಟ್ಟಿಸುವ ಬ್ಯುಟಿರಿಕ್ ಆಮ್ಲದ್ದು.

ಇದರ ಬೀಜಕಣಗಳು (ಗಟ್ಟಿ ಕವಚದೊಳಗೆ ನಿದ್ದೆ ಮಾಡುವ ರೂಪ) ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ, ಕುರಿಯ ಉಣ್ಣೆಗೆ ಹತ್ತಿದ ಕೊಳೆಯಲ್ಲಿ. ಚರ್ಮ ಸುಲಿಯುವಾಗ ಮಾಂಸಕ್ಕೆ ದಾಟುತ್ತವೆ. ಪ್ಲಾಸ್ಟಿಕ್ ಬಿಗಿಯಾಗಲಿ ಅಂತ ಪ್ಯಾಕನ್ನು ಬಿಸಿನೀರಿನಲ್ಲಿ ಅದ್ದುತ್ತಾರಲ್ಲ, ಆ ಬಿಸಿಗೆ ಸಾಯುವುದು ಬಿಟ್ಟು ಇನ್ನೂ ಬೇಗ ಎಚ್ಚರವಾಗುತ್ತವೆ. ಹಾಗಾಗಿ ತಪ್ಪು ಬಹಳ ಸಲ ಕೊಯ್ಯುವ ಜಾಗದಲ್ಲೇ ಆಗಿರುತ್ತದೆ. ಅಂಗಡಿಯವನನ್ನು ಅದಕ್ಕೆ ಬೈಯುವುದಿಲ್ಲ. ಕುದಿಸಿ ತಿನ್ನಿ ಅಂದದ್ದಕ್ಕೆ ಮಾತ್ರ ಬೈಯುತ್ತೇನೆ.

ಈ ಬ್ಯಾಕ್ಟೀರಿಯಾ ವಿಷ ಮಾಡುವುದಿಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಇರಬಹುದು. ಆದರೆ ಪ್ಯಾಕ್ ನೋಡಿ ಒಳಗೆ ಯಾವುದಿದೆ ಅಂತ ಹೇಳುವುದು ಹೇಗೆ? ಬಾಟ್ಯುಲಿಸಂ ಎಂಬ, ಜೀವಕ್ಕೇ ಕುತ್ತು ತರಬಲ್ಲ ವಿಷಾಹಾರ ಕಾಯಿಲೆ ತರುವ ಬ್ಯಾಕ್ಟೀರಿಯಾದಲ್ಲೂ 3 ಡಿಗ್ರಿಯಲ್ಲಿ ಬೆಳೆಯುವ ತಳಿಗಳಿವೆ. ಲಿಸ್ಟೀರಿಯಾ ಎಂಬ ಇನ್ನೊಂದು ಕಾಯಿಲೆ ತರುವ ಬ್ಯಾಕ್ಟೀರಿಯಾ ಕೂಡ ಫ್ರಿಜ್‌ನಲ್ಲಿ ಆರಾಮಾಗಿ ಬೆಳೆಯುತ್ತದೆ.

ಸುಮ್ನೆ ಹೆದರಿ ಒಳ್ಳೆ ಮಾಂಸ ಎಸೆಯಬೇಡಿ ಮತ್ತೆ. ವ್ಯಾಕ್ಯೂಮ್ ಪ್ಯಾಕ್ ಮಾಂಸ ಕಪ್ಪು ನೇರಳೆ ಬಣ್ಣ ಇರುವುದು ಸಹಜ, ಗಾಳಿಗೆ ಕೆಂಪಾಗುತ್ತದೆ. ಬಿಚ್ಚಿದಾಗ ಸ್ವಲ್ಪ ಹುಳಿ ವಾಸನೆ ಬಂದು ಹತ್ತಿಪ್ಪತ್ತು ನಿಮಿಷದಲ್ಲಿ ಹೋದರೆ ಅದೂ ಸಹಜ. ಉಬ್ಬು ಮಾತ್ರ ಸಹಜ ಅಲ್ಲ.

ನಮಗೆ ಜಗಳ ಮಾಡಿದ ಮೇಲೆ ದುಡ್ಡು ವಾಪಸ್ ಬಂತು. ಬಿಲ್ ಇದ್ದದ್ದಕ್ಕೆ ಬಂತು. ನಿಮಗೂ ಹೀಗಾದರೆ ಪ್ಯಾಕಿನ ಫೋಟೋ ತೆಗೆಯಿರಿ, ಬ್ಯಾಚ್ ನಂಬರ್ ಮತ್ತು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಡುವ 14 ಅಂಕಿಯ ಲೈಸೆನ್ಸ್ ನಂಬರ್ ಕಾಣುವಂತೆ. ಅಂಗಡಿಯವರು ಕೇಳದಿದ್ದರೆ ಅದೇ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಬಹುದು. ಪ್ಯಾಕನ್ನು ಇನ್ನೊಂದು ಚೀಲದಲ್ಲಿ ಕಟ್ಟಿ ಇಡಿ, ಆ ಕೆಂಪು ನೀರು ಬೇರೆ ಯಾವುದಕ್ಕೂ ತಾಗದ ಹಾಗೆ.