ಲಂಡನ್ನಿನ ಹಳೇ ಕೌನ್ಸಿಲ್ ಟವರ್‌ನಲ್ಲಿ ಬಾಡಿಗೆ ಹಿಡಿಯುವವರೇ, ನನ್ನ ಕಥೆ ಕೇಳಿ

ಇದನ್ನು ಬರೆಯೋಕೆ ನಾಚಿಕೆಯಾಗುತ್ತದೆ. ಹೆಂಡತಿ "ಸುಮ್ನೆ ಯಾಕೆ ಮರ್ಯಾದೆ ಕಳ್ಕೋತೀರಾ" ಅಂದಳು. ಆದರೆ ಕಳೆದ ವಾರ ಬೆಂಗಳೂರಿನಿಂದ ಹೊಸದಾಗಿ ಬಂದ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಬಿಲ್ಡಿಂಗ್ ಕೆಡವಿದರೂ ತೊಂದರೆ ಇಲ್ವಂತೆ, ಕೌನ್ಸಿಲ್‌ನವರು ಹೊಸ ಫ್ಲ್ಯಾಟ್ ಕೊಡ್ತಾರಂತೆ, ಓನರ್ ಹೇಳಿದರು" ಅಂದ. (ಕೌನ್ಸಿಲ್ ಅಂದರೆ ಇಲ್ಲಿನ ಸ್ಥಳೀಯ ಆಡಳಿತ, ನಮ್ಮ ಪಾಲಿಕೆ ಇದ್ದ ಹಾಗೆ; ಈ ಟವರ್‌ಗಳು ಅದರವು.) ಅಕ್ಷರಕ್ಕೆ ಅಕ್ಷರ ಅದೇ ಮಾತು! ನನಗೆ ಹೇಳಿದ್ದ ಅದೇ ಮಾತು. ಕೊಡಲ್ಲಪ್ಪಾ. ನಿನಗೂ ಕೊಡಲ್ಲ, ನನಗೂ ಕೊಡಲಿಲ್ಲ.

2022ರ ಸೆಪ್ಟೆಂಬರ್. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಬಂದಿದ್ದೆ. ಜೊತೆಗೆ ಹೆಂಡತಿ, ನಾಲ್ಕು ವರ್ಷದ ಮಗಳು. ಇಲ್ಲಿ ಕ್ರೆಡಿಟ್ ಹಿಸ್ಟರಿ ಇಲ್ಲ, ಗ್ಯಾರಂಟರ್ ಇಲ್ಲ. ಹೊಸದಾಗಿ ಬಂದವರನ್ನು ಏಜೆಂಟರು ಹೇಗೆ ನೋಡುತ್ತಿದ್ದರು ಅಂತ ಗೊತ್ತಲ್ಲ. ಆಗ ಸಿಕ್ಕಿದವರು ನಮ್ಮ ಓನರ್, ಈ ಮಹಾನುಭಾವರು. ಕನ್ನಡದವರು. ಮೊದಲ ಫೋನಿನಲ್ಲೇ "ಊಟ ಆಯ್ತಾ ತಮ್ಮಾ?" ಅಂದರು. ನಾನು ಅಲ್ಲೇ ಬಿದ್ದೆ. ಆರು ತಿಂಗಳ ಬಾಡಿಗೆ ಮುಂಗಡ ಕೇಳಿದರು, ಕೊಟ್ಟೆ. ನಮ್ಮವರು ಅಂತ ಕೊಟ್ಟೆ.

ಮನೆ ಇದ್ದದ್ದು ಆಗ್ನೇಯ ಲಂಡನ್ನಿನಲ್ಲಿ, 1960ರ ದಶಕದ ಟವರಿನ ಹನ್ನೊಂದನೇ ಮಹಡಿಯಲ್ಲಿ. ಇಂಥ ಟವರ್‌ಗಳ ಗುಂಪಿಗೆ ಇಲ್ಲಿ ಎಸ್ಟೇಟ್ ಅನ್ನುತ್ತಾರೆ. ಅಮ್ಮ ಊರಲ್ಲೆಲ್ಲ "ಮಗ ಲಂಡನ್ನಿನಲ್ಲಿ ಎಸ್ಟೇಟಿನಲ್ಲಿದಾನೆ" ಅಂತ ಹೇಳಿಕೊಂಡು ಬಂದರು. ನೆಂಟರು ಕಾಫಿ ತೋಟ ಅಂದುಕೊಂಡರು. ಇರಲಿ.

ಒಳಗೆ ಕಾಲಿಟ್ಟ ದಿನವೇ ನನಗೆ ಅರ್ಥ ಆಗಬೇಕಿತ್ತು. ನಮ್ಮ ಮಹಡಿಯಲ್ಲಿ ಎರಡು ಮನೆಗಳ ಬಾಗಿಲಿಗೆ ಕಬ್ಬಿಣದ ಶೀಟ್ ಹೊಡೆದಿತ್ತು. ಕೇಳಿದರೆ "ರಿಪೇರಿ ನಡೀತಿದೆ" ಅಂದರು. ರಿಪೇರಿಯಲ್ಲ, ಕೌನ್ಸಿಲ್ ತನ್ನ ಬಾಡಿಗೆದಾರರನ್ನು ಒಬ್ಬೊಬ್ಬರಾಗಿ ಬೇರೆ ಕಡೆಗೆ ಕಳಿಸಿ, ಖಾಲಿ ಮನೆಗೆ ಯಾರೂ ನುಗ್ಗದಂತೆ ಮುಚ್ಚಿತ್ತು. ಅಡುಗೆಮನೆಯಲ್ಲಿ ಗ್ಯಾಸ್ ಪೈಪ್ ಇತ್ತು, ಬಾಯಿಗೆ ಮುಚ್ಚಳ ಹಾಕಿತ್ತು. "ಈಗ ಎಲ್ಲಾ ಎಲೆಕ್ಟ್ರಿಕ್, ಮಾಡ್ರನ್" ಅಂದರು. ಮಾಡ್ರನ್ ಅಂತೆ! 1968ರಲ್ಲಿ ಪೂರ್ವ ಲಂಡನ್ನಿನ ರೋನನ್ ಪಾಯಿಂಟ್ ಟವರಿನಲ್ಲಿ ಗ್ಯಾಸ್ ಸಿಡಿದು ಒಂದು ಮೂಲೆ ಮೇಲಿಂದ ಕೆಳಗಿನವರೆಗೂ ಕುಸಿಯಿತು. ನಾಲ್ಕು ಜನ ಸತ್ತರು. ಫ್ಯಾಕ್ಟರಿಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಇಸ್ಪೀಟು ಎಲೆಗಳಂತೆ ಜೋಡಿಸಿ ಕಟ್ಟಿದ ಟವರ್ ಅದು. 2017ರಲ್ಲಿ ಲಂಡನ್ನಿನದೇ ಗ್ರೆನ್‌ಫೆಲ್ ಟವರಿನ ಬೆಂಕಿಯಲ್ಲಿ 72 ಜನ ಸತ್ತ ಮೇಲೆ ಕೌನ್ಸಿಲ್‌ಗಳು ಹಳೇ ಟವರ್‌ಗಳನ್ನು ಮತ್ತೆ ತಪಾಸಣೆ ಮಾಡಿಸಿದವು. ಆಗ ಈ ಜಾತಿಯ ಕೆಲವು ಕಟ್ಟಡಗಳು ಗಟ್ಟಿಯಿಲ್ಲ ಅಂತ ಗೊತ್ತಾಗಿ ಗ್ಯಾಸ್ ಕಿತ್ತರು, ಕೆಲವನ್ನು ಕೆಡವಿಯೇಬಿಟ್ಟರು. ಇದೆಲ್ಲ ನಾನು ಆಮೇಲೆ ಓದಿದ್ದು. ಆಗ ನನ್ನ ತಲೆಯಲ್ಲಿ ಇದ್ದದ್ದು ಹಾಟ್‌ಪ್ಲೇಟ್ ಮೇಲೆ ಮುದ್ದೆ ತಿರುವೋದು ಹೇಗೆ ಅನ್ನೋದು ಮಾತ್ರ.

ಕೆಡವುವ ವಿಷಯ ಪಕ್ಕದ ಮನೆಯ ಜಮೈಕಾದ ಅಜ್ಜಿಯಿಂದ ತಿಳಿಯಿತು. ಓನರ್‌ಗೆ ಫೋನ್ ಮಾಡಿದೆ. "ಹತ್ತು ವರ್ಷದಿಂದ ಹೇಳ್ತಾನೇ ಇದಾರೆ ತಮ್ಮಾ, ಯಾರು ಕೆಡವ್ತಾರೆ? ಕೆಡವಿದರೆ ನಿನಗೇ ಲಾಭ, ಹೊಸ ಫ್ಲ್ಯಾಟ್ ಕೊಡ್ತಾರೆ" ಅಂದರು. ನಂಬಿದೆ. ನಂಬಿದ್ದಷ್ಟೇ ಅಲ್ಲ, ಖುಷಿಪಟ್ಟೆ.

2023ರ ವಸಂತದಲ್ಲಿ ಎಸ್ಟೇಟಿನ ಹಾಲ್‌ನಲ್ಲಿ ಕೌನ್ಸಿಲ್‌ನವರು ಸಭೆ ಇಟ್ಟರು. ಟೀ, ಬಿಸ್ಕತ್ತು, ಹೊಸ ಕಟ್ಟಡದ ಪುಟ್ಟ ಮಾದರಿ. ನಿಮಗೇನು ಬೇಕು ಬರೆದು ಅಂಟಿಸಿ ಅಂತ ಹಳದಿ ಚೀಟಿ ಕೊಟ್ಟರು. ಹೆಂಡತಿ "ಪೂಜೆಗೆ ಪೂರ್ವಕ್ಕೆ ಒಂದು ಮೂಲೆ" ಅಂತ ಬರೆದು ಅಂಟಿಸಿದಳು. ಮಗಳು ತುಳಸಿ ಗಿಡದ ಚಿತ್ರ ಬರೆದಳು. ನಾನು ಅಲ್ಲಿದ್ದ ಆಫೀಸರ್ ಹತ್ತಿರ ಹೋಗಿ, ನಗುನಗುತ್ತಾ, ನಮಗೆ ಯಾವ ಮಹಡಿ ಸಿಗಬಹುದು ಅಂತ ಕೇಳಿದೆ.

ಆಕೆ ಫ್ಲ್ಯಾಟ್ ನಂಬರ್ ಕೇಳಿದರು. ಪಟ್ಟಿ ನೋಡಿದರು. ನೀವು ಕೌನ್ಸಿಲ್ ಬಾಡಿಗೆದಾರರಾ? ಅಲ್ಲ. ಮನೆ ನಿಮ್ಮ ಸ್ವಂತದ್ದಾ? ಅಲ್ಲ. ಕೌನ್ಸಿಲ್ ಮನೆಗೆ ಅರ್ಜಿ ಹಾಕಿ ಪಟ್ಟಿಯಲ್ಲಿದ್ದೀರಾ? ಇಲ್ಲ. ಆಕೆ ಪೆನ್ನು ಕೆಳಗಿಟ್ಟರು. "ಸಾರಿ, ಈ ಯೋಜನೆಯಲ್ಲಿ ನೀವಿಲ್ಲ."

ಆ ಮಾತು ಈಗಲೂ ಕಿವಿಯಲ್ಲಿದೆ. ಹಿಂದೆ ಗೋಡೆ ಮೇಲೆ ನಮ್ಮ ಪೂಜೆ ಮೂಲೆಯ ಚೀಟಿ ಅಂಟಿಕೊಂಡೇ ಇತ್ತು.

ಆಕೆ ಒಳ್ಳೆಯವರು, ಬಿಡಿಸಿ ಹೇಳಿದರು. ಟವರಿನಲ್ಲಿ ಎಲ್ಲ ಬಾಗಿಲೂ ಒಂದೇ ತರಹ ಕಾಣುತ್ತವೆ, ಹಿಂದಿನ ಹಕ್ಕು ಬೇರೆ ಬೇರೆ. ಕೌನ್ಸಿಲ್‌ನಿಂದ ನೇರ ಬಾಡಿಗೆಗೆ ಇರುವವರಿಗೆ ಬೇರೆ ಮನೆ, ಹೊಸ ಕಟ್ಟಡಕ್ಕೆ ವಾಪಸ್ ಬರುವ ಅವಕಾಶ. 1980ರ ಕಾನೂನಿನಿಂದ ಕೌನ್ಸಿಲ್ ಮನೆಯನ್ನೇ ಕೊಂಡವರು, ಅವರಿಂದ ಆಮೇಲೆ ಕೊಂಡವರು, ಇವರು ಲೀಸ್‌ಹೋಲ್ಡರ್‌ಗಳು. ಇವರಿಗೆ ಮಾರುಕಟ್ಟೆ ಬೆಲೆ, ಅದರ ಮೇಲೆ ಪರಿಹಾರ. ಅಲ್ಲೇ ವಾಸ ಇದ್ದರೆ 10 ಶೇಕಡಾ, ಬಾಡಿಗೆಗೆ ಬಿಟ್ಟಿದ್ದರೆ 7.5, ಎರಡಕ್ಕೂ ಮೇಲ್ಮಿತಿ ಉಂಟು. ನಮ್ಮ ಮಹಾನುಭಾವರು ಈ ಬಾಡಿಗೆಗೆ ಬಿಟ್ಟವರ ಸಾಲಿನವರು. ಅವರ ಕೈಕೆಳಗಿನ ಬಾಡಿಗೆದಾರ ಅಂದರೆ ನಾನು. ನನಗೆ ಸೊನ್ನೆ. 2018ರಿಂದ ಲಂಡನ್ನಿನಲ್ಲಿ ಮೇಯರ್ ಕಡೆಯ ದುಡ್ಡಿನಲ್ಲಿ ದೊಡ್ಡ ಎಸ್ಟೇಟ್ ಕೆಡವಿ ಕಟ್ಟಲು ನಿವಾಸಿಗಳ ಓಟು ಕೇಳಬೇಕು. ನನಗೆ ಆ ಓಟೂ ಇರಲಿಲ್ಲ.

ಇನ್ನೂ ನಾಚಿಕೆಗೇಡು ಯಾವುದು ಗೊತ್ತಾ? ನನ್ನ ವೀಸಾ ಕಾರ್ಡಿನ ಮೇಲೇ ಬರೆದಿತ್ತು, ಸಾರ್ವಜನಿಕ ನಿಧಿ ಇಲ್ಲ ಅಂತ. ಕೌನ್ಸಿಲ್ ಮನೆ ಆ ನಿಧಿಯಲ್ಲೇ ಬರುತ್ತದೆ. ಹಾಕೋಣ ಅಂದರೂ ಅರ್ಜಿ ಹಾಕೋ ಹಾಗಿಲ್ಲ. ಅಷ್ಟು ದಿನ ಉತ್ತರ ನನ್ನ ಜೇಬಿನಲ್ಲೇ ಇತ್ತು. ಸಾಫ್ಟ್‌ವೇರ್ ಕಾಂಟ್ರ್ಯಾಕ್ಟುಗಳನ್ನು ಸಾಲು ಸಾಲು ಓದುವವನು ಅಂಗೈಯಗಲದ ಕಾರ್ಡ್ ಓದಿರಲಿಲ್ಲ.

ಜೂನ್‌ನಲ್ಲಿ ಸೆಕ್ಷನ್ 21 ನೋಟಿಸ್ ಬಂತು. ಕಾರಣ ಹೇಳಬೇಕಾಗಿಲ್ಲ, ಎರಡು ತಿಂಗಳಲ್ಲಿ ಖಾಲಿ ಮಾಡಿ. ಒಂದು ವರ್ಷದ ಅಗ್ರಿಮೆಂಟ್ ಅಲ್ವಾ ಅಂದೆ. "ಬ್ರೇಕ್ ಕ್ಲಾಸ್ ಇದೆಯಲ್ಲ, ನೋಡ್ಕೋ." ಇತ್ತು. ಅವಧಿಗೆ ಮೊದಲೇ ಅಗ್ರಿಮೆಂಟ್ ಮುಗಿಸಬಹುದು ಅನ್ನೋ ಷರತ್ತು ಅದು. ಸಹಿ ಹಾಕಿಸುವಾಗ "ನಿನ್ನ ಅನುಕೂಲಕ್ಕೇ ಹಾಕಿಸಿದೀನಿ" ಅಂದಿದ್ದರು. ಹೊಸ ಫ್ಲ್ಯಾಟ್ ಸಿಗುತ್ತೆ ಅಂದಿರಲ್ಲ ಸಾರ್ ಅಂದೆ. "ಸಿಗಬಹುದು ಅಂದೆ. ಸಿಗುತ್ತೆ ಅಂದೆನಾ?" ಮಗಳ ಸ್ಕೂಲ್ ಸೀಟ್ ಈಗ ತಾನೇ ಸಿಕ್ಕಿದೆ ಅಂದೆ. "ಲಂಡನ್ ದೊಡ್ಡದು ತಮ್ಮಾ, ಸ್ಕೂಲಿಗೇನು ಬರ." ಆಮೇಲೆ ಮೆಸೇಜಿಗೆ ನೀಲಿ ಟಿಕ್ ಮಾತ್ರ.

ಅವರು ಕೌನ್ಸಿಲ್‌ಗೆ ಮನೆಯನ್ನು ಖಾಲಿ ಮಾಡಿಸಿಯೇ ಮಾರಬೇಕಿತ್ತು. ನಾವು ಖಾಲಿ ಮಾಡಿದಾಗ ಹನ್ನೆರಡು ತಿಂಗಳಿಗೆ ಒಂದು ತಿಂಗಳು ಕಮ್ಮಿ. ಮನೆ ಕಳೆದುಕೊಂಡವರ ಪರಿಹಾರಕ್ಕೆ ಒಂದು ವರ್ಷ ವಾಸ ಇರಬೇಕು, ಮತ್ತು ಎಬ್ಬಿಸುವವರು ಕೌನ್ಸಿಲ್ ಆಗಿರಬೇಕು, ಓನರ್ ಅಲ್ಲ. ಎರಡೂ ಕಡೆ ಬಾಗಿಲು ಹಾಕಿದ್ದರು. ಲೆಕ್ಕ ಹಾಕಿಯೇ ಮಾಡಿದರಾ? ನನಗಂತೂ ಹಾಗೇ ಅನಿಸುತ್ತದೆ.

ಸೆಕ್ಷನ್ 21 ಅನ್ನು ಇಂಗ್ಲೆಂಡಿನಲ್ಲಿ ಹೊಸ ಕಾನೂನು 2026ರ ಮೇ 1ರಿಂದ ತೆಗೆದಿದೆ. ಒಂದು ತಿಂಗಳಿಗಿಂತ ಜಾಸ್ತಿ ಮುಂಗಡವನ್ನೂ ಕೇಳುವಂತಿಲ್ಲ. ಒಳ್ಳೆಯದೇ. ಆದರೆ ಮಾರುತ್ತೇನೆ ಅಂತ ಕಾರಣ ಕೊಟ್ಟು ನಾಲ್ಕು ತಿಂಗಳ ನೋಟಿಸ್ ಕೊಡಬಹುದು, ಮೊದಲ ವರ್ಷ ಆಗದು ಅಷ್ಟೇ. ಟವರ್ ಕೆಡವಿದಾಗ ನಮ್ಮಂಥವರಿಗೆ ಹೊಸ ಮನೆ ಆ ಕಾನೂನಿನಲ್ಲೂ ಇಲ್ಲ.

ಹಾಗಾಗಿ ಹಳೇ ಟವರ್ ನೋಡೋಕೆ ಹೋದರೆ ಬಾಗಿಲುಗಳನ್ನು ಎಣಿಸಿ, ಕಬ್ಬಿಣದ ಶೀಟ್ ಎಷ್ಟಿವೆ ನೋಡಿ. ಕೌನ್ಸಿಲ್ ವೆಬ್‌ಸೈಟಿನಲ್ಲಿ ಎಸ್ಟೇಟ್ ಹೆಸರು ಹಾಕಿ ಹುಡುಕಿ, ಐದು ನಿಮಿಷದ ಕೆಲಸ. ಅಕ್ಕಪಕ್ಕದ ಅಜ್ಜಿಯರನ್ನು ಮಾತಾಡಿಸಿ. "ಊಟ ಆಯ್ತಾ ತಮ್ಮಾ" ಅಂದವರ ಮುಂದೆ ಇನ್ನೂ ಎರಡು ಸಲ ಓದಿ ಸಹಿ ಹಾಕಿ.

ಡಿಪಾಸಿಟ್ ಪೂರ್ತಿ ವಾಪಸ್ ಬರಲಿಲ್ಲ. ಕಾರ್ಪೆಟ್ ಕ್ಲೀನಿಂಗ್‌ಗೆ ಅಂತ 180 ಪೌಂಡ್ ಹಿಡಿದರು. ಕೆಡವುವ ಮನೆಯ ಕಾರ್ಪೆಟ್ಟಿಗೆ! ಫೋನ್ ಮಾಡಿ ಕೇಳಿದೆ. ಆ ಕಡೆಯಿಂದ ಅದೇ ಮೆತ್ತನೆಯ ದನಿ. "ರೂಲ್ಸ್ ಅಂದರೆ ರೂಲ್ಸ್ ಅಲ್ವಾ ತಮ್ಮಾ."